ಮನೆ ಮುಂದೆ ನಿಂತ ಕ್ಯಾಂಪರ್‌ಗೆ ಮನೆಯ ಕರೆಂಟ್: ಡಿಬಿಯಿಂದ ವ್ಯಾನಿನ ಬಾಗಿಲವರೆಗೆ

ಕ್ಯಾಂಪರ್ ವ್ಯಾನ್ ಅಂದರೆ ರಬ್ಬರ್ ಟೈರುಗಳ ಮೇಲೆ ನಿಂತ ತಗಡಿನ ಡಬ್ಬಿ. ಅದರ ಬಾಡಿಗೂ ನೆಲಕ್ಕೂ ಸಂಬಂಧವೇ ಇಲ್ಲ. ಮನೆಯಿಂದ ಕರೆಂಟ್ ಕೊಟ್ಟಾಗ ಆ ಡಬ್ಬಿಯನ್ನು ಭೂಮಿಗೆ ಜೋಡಿಸುವುದು ಕೇಬಲ್ಲಿನೊಳಗಿರುವ ಒಂದೇ ಒಂದು ಹಸಿರು-ಹಳದಿ ತಂತಿ. ಆ ತಂತಿ ಎಲ್ಲೋ ಒಂದು ಕಡೆ ಬಿಟ್ಟುಹೋದರೂ ಲೈಟು ಉರಿಯುತ್ತದೆ, ಬ್ಯಾಟರಿ ಚಾರ್ಜ್ ಆಗುತ್ತದೆ, ಫ್ರಿಜ್ ತಣ್ಣಗೇ ಇರುತ್ತದೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮಳೆ ನಿಂತ ಮೇಲೆ ಬರಿಗಾಲಲ್ಲಿ ಓಡಿಬಂದ ಮಗು ಬಾಗಿಲ ಹಿಡಿಯನ್ನು ಮುಟ್ಟಿದಾಗ ಗೊತ್ತಾಗುತ್ತದೆ. ಹಾಗಾಗಿ ಇಲ್ಲಿ ಕೇಬಲ್, ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್), ಲೋಡ್ ಎಲ್ಲದರ ವಿಚಾರ ಬಂದರೂ ಹೆಚ್ಚು ಜಾಗ ಆ ಹಸಿರು ತಂತಿಗೇ ಹೋಗುತ್ತದೆ.

ಡಿಬಿ (ಮನೆಯ ಕರೆಂಟನ್ನು ಬೇರೆ ಬೇರೆ ಲೈನುಗಳಿಗೆ ಹಂಚುವ ಪೆಟ್ಟಿಗೆ) ಒಳಗಿನ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಸಾಮಾನು ಆರಿಸುವುದು, ಪಕ್ಕದಲ್ಲಿ ನಿಂತು ಮಾಡಿಸುವುದು, ಮುಗಿದ ಮೇಲೆ ಒಂದೊಂದಾಗಿ ಪರೀಕ್ಷಿಸಿ ನೋಡುವುದು ನಿಮ್ಮ ಪಾಲಿನದು. ಈ ಬರಹ ಇರುವುದು ಅದಕ್ಕೆ.

ಎಷ್ಟು ಕರೆಂಟ್ ಬೇಕು?

ಮನೆ ಮುಂದೆ ನಿಂತ ವ್ಯಾನಿಗೆ ಎರಡು ಬಗೆಯ ಅಗತ್ಯ ಇರಬಹುದು. ಬ್ಯಾಟರಿ ಸಾಯದಂತೆ ನೋಡಿಕೊಂಡು ಫ್ರಿಜ್ ಓಡಿಸಿದರೆ ಸಾಕು ಅನ್ನುವುದು ಒಂದು. ಊರಿಂದ ನೆಂಟರು ಬಂದಾಗ ಅದರಲ್ಲೇ ಮಲಗಿಸಬೇಕು, ಎಸಿ ಹಾಕಬೇಕು, ಕಾಫಿ ಕಾಯಿಸಬೇಕು ಅನ್ನುವುದು ಇನ್ನೊಂದು. ಎರಡಕ್ಕೂ ಲೆಕ್ಕ ಬೇರೆ.

12 ವೋಲ್ಟಿನ 30 ಆಂಪ್ ಚಾರ್ಜರ್ ತುಂಬು ವೇಗದಲ್ಲಿ ಓಡುವಾಗ ಬ್ಯಾಟರಿಗೆ 14.4 ವೋಲ್ಟಿನಲ್ಲಿ 430 ವ್ಯಾಟ್ ಕೊಡುತ್ತದೆ. ಚಾರ್ಜರಿನಲ್ಲೇ ಆಗುವ ನಷ್ಟ ಸೇರಿಸಿದರೆ ಮನೆಯಿಂದ ಸುಮಾರು 500 ವ್ಯಾಟ್, ಅಂದರೆ ಎರಡು ಆಂಪಿಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ. ಕಂಪ್ರೆಸರ್ ಫ್ರಿಜ್ 50–60 ವ್ಯಾಟ್, ಅದೂ ಬಿಟ್ಟು ಬಿಟ್ಟು. ಇಷ್ಟೇ ಆದರೆ 6 ಆಂಪ್ ಲೈನೇ ಧಾರಾಳ. ಅದರಿಂದ 1,380 ವ್ಯಾಟ್ ಸಿಗುತ್ತದೆ.

ಎಸಿ ಬಂದರೆ ಲೆಕ್ಕ ಬದಲಾಗುತ್ತದೆ. ಒಂದು ಟನ್ನಿನ ಎಸಿಗೆ 5ರಿಂದ 7 ಆಂಪ್, 2,000 ವ್ಯಾಟಿನ ಇಂಡಕ್ಷನ್ ಒಲೆಗೆ ಸುಮಾರು 9, ಮೂರು ಲೀಟರಿನ 3,000 ವ್ಯಾಟ್ ಗೀಸರಿಗೆ 13. ಇವುಗಳಲ್ಲಿ ಯಾವ ಎರಡನ್ನು ಒಟ್ಟಿಗೆ ಹಾಕಿದರೂ 16 ಆಂಪಿನ ಅಂಚಿಗೆ ಬರುತ್ತೀರಿ, ಇಲ್ಲವೇ ದಾಟುತ್ತೀರಿ. ಒಂದು ವಿಷಯ ತಿಳಿದಿರಲಿ: 16 ಆಂಪ್ ಎಂಸಿಬಿ 18 ಆಂಪಿಗೆ ಬೀಳುವುದಿಲ್ಲ. ಅದರ ಮಾನದಂಡವೇ ಹಾಗಿದೆ. 1.13 ಪಟ್ಟಿನವರೆಗೆ ಒಂದು ಗಂಟೆ ತಡೆದು ನಿಲ್ಲಬೇಕು, 1.45 ಪಟ್ಟು ಅಂದರೆ 23 ಆಂಪಿಗೆ ಒಂದು ಗಂಟೆಯೊಳಗೆ ಬೀಳಬೇಕು. ಈ ನಡುವಿನ ಅಂತರದಲ್ಲಿ ಬಿಸಿಯಾಗುವುದು ನಿಮ್ಮ ಪ್ಲಗ್ಗು, ಕೇಬಲ್ಲು. ಎಂಸಿಬಿ ಬೀಳಲಿಲ್ಲ, ಆದ್ದರಿಂದ ಲೋಡ್ ಸರಿಯಿದೆ ಅಂದುಕೊಳ್ಳಬೇಡಿ.

ನಮ್ಮ ಸಲಹೆ: ಬೆಂಗಳೂರಿನ ಹವೆಗೆ ಎಸಿ ಬೇಕಾಗುವುದು ಹೆಚ್ಚಾಗಿ ಮಾರ್ಚಿನಿಂದ ಮೇ ತನಕ. ಆದರೂ ಲೈನ್ ಎಳೆಸುವಾಗ 16 ಆಂಪಿನದ್ದೇ ಎಳೆಸಿ. ಕೂಲಿ ಒಂದೇ; ವೈರಿನ ಖರ್ಚು ಸ್ವಲ್ಪ ಹೆಚ್ಚಾಗುತ್ತದೆ, ಅಷ್ಟೇ.

ಕೆಲಸಕ್ಕೆ ಕೈಹಾಕುವ ಮೊದಲು ಬೆಸ್ಕಾಂ ಬಿಲ್ ತೆಗೆದು ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ನೋಡಿ. 2 ಅಥವಾ 3 ಕಿಲೋವ್ಯಾಟ್ ಇದ್ದು, ಮನೆಯ ಗೀಸರ್ ಓಡುವ ಬೆಳಗಿನ ಹೊತ್ತಿಗೇ ವ್ಯಾನಿನಲ್ಲೂ ಒಲೆ ಹಚ್ಚುವ ಯೋಚನೆ ಇದ್ದರೆ, ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿ. ಗೃಹಜ್ಯೋತಿ ಪಡೆಯುತ್ತಿರುವ ಮನೆಯಾದರೆ ಇನ್ನೊಂದು ಲೆಕ್ಕವೂ ಇದೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ಸರಾಸರಿ 600 ವ್ಯಾಟ್ ಎಳೆಯುವ ಎಸಿ ದಿನಕ್ಕೆ 8 ಗಂಟೆ ಓಡಿದರೆ ತಿಂಗಳಿಗೆ 144 ಯೂನಿಟ್ ಆಯಿತು. ಸುಮ್ಮನೆ ಚುಚ್ಚಿಟ್ಟ ಚಾರ್ಜರ್ 30 ವ್ಯಾಟ್ ಎಳೆಯುತ್ತಿದ್ದರೂ ತಿಂಗಳಿಗೆ 22 ಯೂನಿಟ್ ಹೋಗುತ್ತದೆ.

ಬೇಕಾಗುವ ಸಾಮಾನು

ಡಿಬಿಯಿಂದ ವ್ಯಾನ್ ನಿಲ್ಲುವ ಜಾಗದವರೆಗೆ ಗೋಡೆಗುಂಟ 20 ಮೀಟರ್, ಅಲ್ಲಿಂದ ವ್ಯಾನಿಗೆ 10–15 ಮೀಟರ್ ಅಂತ ಇಟ್ಟುಕೊಂಡು ಪಟ್ಟಿ ಕೊಡುತ್ತಿದ್ದೇವೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಇಷ್ಟೂ ಒಂದೇ ಓಡಾಟದಲ್ಲಿ ಸಿಗುತ್ತದೆ.

– ಎರಡು ಪೋಲಿನ ಆರ್‌ಸಿಬಿಓ (ಲೋಡ್ ಹೆಚ್ಚಾದರೂ, ಕರೆಂಟ್ ಅರ್ಥಿಗೆ ಸೋರಿದರೂ ಬೀಳುವ ಸ್ವಿಚ್), 20 ಆಂಪ್, ಸಿ ಕರ್ವ್, 30 ಮಿಲಿಆಂಪ್, ‘ಎ’ ಟೈಪ್: 1. ಇದು ಡಿಬಿ ಒಳಗೆ.
– ಓವರ್ ಮತ್ತು ಅಂಡರ್ ವೋಲ್ಟೇಜ್ ಕಟ್‌ಆಫ್, ಡಿಬಿ ಪಟ್ಟಿಗೆ ಕೂರುವಂಥದ್ದು, 40 ಆಂಪ್: 1.
– ಸರ್ಜ್ ತಡೆಯುವ ಎಸ್‌ಪಿಡಿ, ಟೈಪ್ 2, ಸಿಂಗಲ್ ಫೇಸಿನ 1+1 ಮಾದರಿ: 1. ಇದನ್ನು ಆರ್‌ಸಿಬಿಓಗಿಂತ ಮುಂಚೆಯೇ ಹಾಕಬೇಕು.
– 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಕೆಂಪು, ಕಪ್ಪು, ಹಸಿರು ತಲಾ 22 ಮೀಟರ್. 25 ಎಂಎಂ ಪಿವಿಸಿ ಪೈಪ್, 60 ಸೆಂಟಿಮೀಟರಿಗೊಂದು ಸ್ಯಾಡಲ್.
– ಹೊರಗೋಡೆಗೆ ನೀರು, ಧೂಳು ಹೊಗದ ಐಪಿ65 ಪೆಟ್ಟಿಗೆ, ಒಳಗೆ ಎರಡು ಪೋಲಿನ 16 ಆಂಪ್ ಎಂಸಿಬಿ.
– ನೀಲಿ ಬಣ್ಣದ 16 ಆಂಪ್, ಮೂರು ಪಿನ್ನಿನ ಇಂಡಸ್ಟ್ರಿಯಲ್ ಸಾಕೆಟ್, ಸ್ಪ್ರಿಂಗ್ ಮುಚ್ಚಳ ಇರುವಂಥದ್ದು.
– 3 ಕೋರ್, 2.5 ಸ್ಕ್ವೇರ್ ಎಂಎಂ ದುಂಡನೆಯ ಫ್ಲೆಕ್ಸಿಬಲ್ ಕೇಬಲ್, 15 ಮೀಟರ್. ರಬ್ಬರ್ ಹೊದಿಕೆಯದ್ದಾದರೆ ಬಿಸಿಲಿಗೆ ಬಾಳುತ್ತದೆ.
– ಕೇಬಲ್ಲಿಗೆ ಒಂದು ನೀಲಿ ಪ್ಲಗ್, ಒಂದು ನೀಲಿ ಕನೆಕ್ಟರ್, ತಂತಿತುದಿಗಳಿಗೆ ಫೆರೂಲ್ (ಎಳೆಗಳ ಮೇಲೆ ಒತ್ತಿ ಕೂರಿಸುವ ಸಣ್ಣ ಲೋಹದ ಕೊಳವೆ).

‘ಎ’ ಟೈಪ್ ಆರ್‌ಸಿಬಿಓ ಅಂತ ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಂಗಡಿಯಲ್ಲಿ ಸುಮ್ಮನೆ ಕೇಳಿದರೆ ‘ಎಸಿ’ ಟೈಪ್ ಕೊಟ್ಟುಬಿಡುವುದುಂಟು. ಅದು ಶುದ್ಧ ಏರಿಳಿತದ ಕರೆಂಟಿನ ಸೋರಿಕೆಯನ್ನು ಮಾತ್ರ ಗುರುತಿಸುತ್ತದೆ. ಬ್ಯಾಟರಿ ಚಾರ್ಜರ್, ಇನ್ವರ್ಟರ್ ಎಸಿ ಇವುಗಳ ಸೋರಿಕೆಯಲ್ಲಿ ಡಿಸಿ ಅಂಶ ಬೆರೆತಿರುತ್ತದೆ. ಅದು ‘ಎಸಿ’ ಟೈಪನ್ನು ಮಂಕಾಗಿಸುತ್ತದೆ, ಬೀಳಬೇಕಾದ ಹೊತ್ತಿಗೆ ಬೀಳುವುದಿಲ್ಲ.

ಕೇಬಲ್ಲಿನ ದಪ್ಪದಲ್ಲೂ ಚೌಕಾಶಿ ಬೇಡ. 2.5 ಸ್ಕ್ವೇರ್ ಎಂಎಂ ಫ್ಲೆಕ್ಸಿಬಲ್ ಕೇಬಲ್ 25 ಮೀಟರ್ ಇದ್ದರೆ ಹೋಗಿ ಬರುವ ದಾರಿಯ ರೆಸಿಸ್ಟೆನ್ಸ್ ಸುಮಾರು 0.4 ಓಮ್. 16 ಆಂಪಿಗೆ 6.4 ವೋಲ್ಟ್ ಇಳಿಯುತ್ತದೆ, 100 ವ್ಯಾಟ್ ಶಾಖವಾಗುತ್ತದೆ. ನೇರವಾಗಿ ಹಾಸಿದ ಕೇಬಲ್ಲಿಗೆ ಆ ಶಾಖ ಲೆಕ್ಕಕ್ಕಿಲ್ಲ. ಅದೇ ಕೇಬಲ್ಲನ್ನು ಡ್ರಮ್ಮಿಗೆ ಸುತ್ತಿಟ್ಟು ಐದು ಮೀಟರ್ ಮಾತ್ರ ಬಿಚ್ಚಿದಿರಿ ಅನ್ನಿ. ಒಂದು ಬಲ್ಬಿನಷ್ಟು ಶಾಖ ಆ ಉಂಡೆಯೊಳಗೇ ಸಿಕ್ಕಿಕೊಂಡು, ಒಳಸುತ್ತಿನ ಪಿವಿಸಿ ಮೆತ್ತಗಾಗಿ ಫೇಸೂ ನ್ಯೂಟ್ರಲ್ಲೂ ಕೂಡಿಕೊಳ್ಳುತ್ತವೆ. ಕೇಬಲ್ ಉದ್ದವಾಯಿತು ಅನ್ನಿಸಿದರೆ ನೆಲದ ಮೇಲೆ ಸಡಿಲವಾಗಿ ಅಂಕುಡೊಂಕಾಗಿ ಹಾಸಿ, ಸುತ್ತಿ ಇಡಬೇಡಿ. 1 ಸ್ಕ್ವೇರ್ ಎಂಎಂ ವೈರಿನ ಅಗ್ಗದ ಎಕ್ಸ್‌ಟೆನ್ಶನ್ ಬಾಕ್ಸುಗಳಿಗಂತೂ ವ್ಯಾನಿನ ಹತ್ತಿರ ಜಾಗವೇ ಇಲ್ಲ. ಅದೇ 25 ಮೀಟರಿಗೆ ಅದರ ರೆಸಿಸ್ಟೆನ್ಸ್ ಒಂದು ಓಮಿನ ಹತ್ತಿರ. 10 ಆಂಪಿಗೇ ಸುಮಾರು 100 ವ್ಯಾಟ್ ಶಾಖ.

ಅರ್ಥಿಂಗ್

ಬೆಂಗಳೂರಿನ ಸ್ವತಂತ್ರ ಮನೆಗಳಿಗೆ ಸಾಮಾನ್ಯವಾಗಿ ಕಂಬದಿಂದ ಬರುವುದು ಫೇಸ್ ಮತ್ತು ನ್ಯೂಟ್ರಲ್. ಅರ್ಥ್ ನಮ್ಮದೇ, ಕಾಂಪೌಂಡಿನ ಮೂಲೆಯಲ್ಲಿ ಹೂತ ಪೈಪು. ಮನೆ ಕಟ್ಟಿದ ವರ್ಷ ಇದ್ದಿಲು, ಉಪ್ಪು ಹಾಕಿ ಮುಚ್ಚಿದ ಆ ಗುಂಡಿಯನ್ನು ಆಮೇಲೆ ತಿರುಗಿ ನೋಡಿದವರು ಕಡಿಮೆ. ಎಷ್ಟೋ ಮನೆಗಳಲ್ಲಿ ಅದರ ಮೇಲೆ ಟೈಲ್ಸ್ ಬಿದ್ದಿದೆ. ನಮ್ಮ ಕೆಂಪು ಮಣ್ಣು, ಅದರ ಕೆಳಗಿನ ಕಲ್ಲು ಬೇಸಿಗೆಯಲ್ಲಿ ಒಣಗಿದಾಗ ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥ್ ಕೂಡ ಹಲವು ಪಟ್ಟು ಕೆಡುತ್ತದೆ.

ಇದರ ಪರಿಣಾಮವನ್ನು ಲೆಕ್ಕದಲ್ಲೇ ನೋಡಿ. ವ್ಯಾನಿನೊಳಗೆ ಇಲಿ ವೈರ್ ಕಡಿದು ಫೇಸ್ ಬಾಡಿಗೆ ತಾಗಿತು ಅಂದುಕೊಳ್ಳಿ. ಮನೆಯ ಅರ್ಥ್ 20 ಓಮ್, ಟ್ರಾನ್ಸ್‌ಫಾರ್ಮರ್ ಕಡೆಯದು 2 ಓಮ್. ಹರಿಯುವ ಕರೆಂಟ್ 230 ಭಾಗಿಸು 22, ಅಂದರೆ ಹತ್ತು ಆಂಪ್ ಚಿಲ್ಲರೆ. 16 ಆಂಪಿನ ಎಂಸಿಬಿ ಇದನ್ನು ಸಾಮಾನ್ಯ ಲೋಡ್ ಅಂದುಕೊಂಡು ಸುಮ್ಮನಿರುತ್ತದೆ. ವ್ಯಾನಿನ ಬಾಡಿ 209 ವೋಲ್ಟಿನಲ್ಲಿ ಹಾಗೇ ನಿಂತಿರುತ್ತದೆ. ಅರ್ಥ್ ಚೆನ್ನಾಗಿದ್ದು 5 ಓಮ್ ಇದ್ದರೂ 33 ಆಂಪ್ ಮಾತ್ರ. ಸಿ ಕರ್ವಿನ ಎಂಸಿಬಿ ತಕ್ಷಣ ಬೀಳಬೇಕಾದರೆ 80ರಿಂದ 160 ಆಂಪ್ ಬೇಕು. ಅಂದರೆ ನಮ್ಮ ಮನೆಗಳಲ್ಲಿ ಬಾಡಿಗೆ ಫೇಸ್ ತಾಗಿದಾಗ ಜೀವ ಉಳಿಸುವುದು ಎಂಸಿಬಿ ಅಲ್ಲ, 30 ಮಿಲಿಆಂಪಿನ ಆರ್‌ಸಿಬಿಓ. ಅದಿಲ್ಲದೆ ವ್ಯಾನಿಗೆ ಕರೆಂಟ್ ಕೊಡಲೇಬಾರದು.

ಅರ್ಥ್ ಟೆಸ್ಟರ್ ಇರುವ ಎಲೆಕ್ಟ್ರಿಷಿಯನ್‌ನನ್ನೇ ಕರೆಸಿ, ಮಾರ್ಚ್-ಏಪ್ರಿಲ್‌ನಲ್ಲಿ ಅಳೆಸಿ. 5 ಓಮಿನೊಳಗೆ ಬಂದರೆ ನೆಮ್ಮದಿ. ಹೆಚ್ಚಿದ್ದರೆ ಮೊದಲು ಗುಂಡಿಯ ಮುಚ್ಚಳ ತೆಗೆಸಿ, ಪೈಪಿಗೆ ಪಟ್ಟಿ ಕೂಡುವ ನಟ್ಟು ನೋಡಿ. ತುಕ್ಕು ಹಿಡಿದು ಬೆರಳಲ್ಲಿ ತಿರುಗುವಂತಿದ್ದರೆ ತೊಂದರೆ ಮಣ್ಣಿನದಲ್ಲ, ಅಲ್ಲಿಯದು. ಉಜ್ಜಿ, ಹೊಸ ಜಿಐ ಬೋಲ್ಟ್ ಹಾಕಿ ಬಿಗಿಸಿ ಮತ್ತೆ ಅಳೆಸಿ. ಬೇಸಿಗೆಯಲ್ಲಿ ವಾರಕ್ಕೆರಡು ಬಕೆಟ್ ನೀರು ಹೊಯ್ಯುವ ಹಳೆಯ ಪದ್ಧತಿ ಇಂದಿಗೂ ಕೆಲಸ ಮಾಡುತ್ತದೆ. ಅದಕ್ಕೂ ಬಗ್ಗದಿದ್ದರೆ ಎರಡನೇ ಪೈಪು: 40 ಎಂಎಂ, ಕನಿಷ್ಠ 2.5 ಮೀಟರ್ ಉದ್ದ, ಗೋಡೆಯಿಂದ ಒಂದೂವರೆ ಮೀಟರ್ ದೂರ. ಹೊಸದನ್ನು ಹಳೆಯದಕ್ಕೆ ಜೋಡಿಸಲೇಬೇಕು. ವ್ಯಾನಿನ ಪಕ್ಕ ಒಂದು ಸರಳು ಬಡಿದು ಅದನ್ನು ವ್ಯಾನಿಗೆ ಮಾತ್ರ ಕಟ್ಟಿ, ಕೇಬಲ್ಲಿನ ಹಸಿರು ತಂತಿಯನ್ನು ಬಿಟ್ಟುಬಿಡುವುದು ಅರ್ಥಿಂಗ್ ಅಲ್ಲ.

ಇನ್ನೊಂದು ಅಭ್ಯಾಸವನ್ನು ದಯವಿಟ್ಟು ಯಾರೂ ಒಪ್ಪಬೇಡಿ. ಅರ್ಥ್ ಸಿಗದ ಕಡೆ ಸಾಕೆಟ್ಟಿನೊಳಗೇ ನ್ಯೂಟ್ರಲ್ಲಿನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಹಾಕಿ ‘ಆಯ್ತು ಸಾರ್, ಅರ್ಥ್ ಬಂತು’ ಅನ್ನುವವರಿದ್ದಾರೆ. ಟೆಸ್ಟರಿನಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ. ಮುಂದೊಂದು ದಿನ ಕಂಬದಲ್ಲೋ ಮೀಟರಿನಲ್ಲೋ ನ್ಯೂಟ್ರಲ್ ಲೂಸಾದರೆ ವ್ಯಾನಿನ ಇಡೀ ಬಾಡಿಗೆ ಫೇಸ್ ಬರುತ್ತದೆ. ಆ ತುಂಡು ವೈರ್ ಆರ್‌ಸಿಬಿಓ ಆದಮೇಲೆ ಇದ್ದರಂತೂ, ಬಾಡಿಗೆ ಸೋರಿದ ಕರೆಂಟ್ ನ್ಯೂಟ್ರಲ್ಲಿನಲ್ಲೇ ವಾಪಸಾಗುವುದರಿಂದ ಆರ್‌ಸಿಬಿಓಗೆ ಅದು ಕಾಣುವುದೇ ಇಲ್ಲ.

ಲೈನ್ ಎಳೆಯುವುದು

1. ವ್ಯಾನಿನ ಲೈನಿಗೆ ಫೇಸ್, ನ್ಯೂಟ್ರಲ್ ಎರಡನ್ನೂ ಡಿಬಿಯ ಮೇನ್ ಸ್ವಿಚ್ಚಿನಿಂದ, ಮನೆಯ ಆರ್‌ಸಿಸಿಬಿಗಿಂತ (ಸೋರಿಕೆಗೆ ಮಾತ್ರ ಬೀಳುವ ಸ್ವಿಚ್) ಮೊದಲೇ ತೆಗೆಸಿ. ಆರ್‌ಸಿಸಿಬಿ ಆದಮೇಲೆ ತೆಗೆದರೆ ವ್ಯಾನಿನ ಸಣ್ಣ ಸೋರಿಕೆಗೂ ಮನೆ ಕತ್ತಲಾಗುತ್ತದೆ. ಎರಡೂ 30 ಮಿಲಿಆಂಪ್ ಆಗಿರುವಾಗ ಯಾವುದು ಮೊದಲು ಬೀಳುತ್ತದೆ ಅಂತ ಹೇಳಲಾಗದು.

2. ಯುಪಿಎಸ್ ಲೈನಿಗೆ ಕೈ ಹಾಕಬೇಡಿ. ಮನೆಯ ಯುಪಿಎಸ್ಸಿಗೆ ವ್ಯಾನಿನ ಭಾರ ತಡೆಯದು. ಅದಕ್ಕಿಂತ ಮುಖ್ಯವಾಗಿ ಫೇಸ್ ಮೇನ್ಸಿನಿಂದ, ನ್ಯೂಟ್ರಲ್ ಯುಪಿಎಸ್ ಪಟ್ಟಿಯಿಂದ ಬಂದರೆ ಹೋದ ಕರೆಂಟೂ ಬಂದ ಕರೆಂಟೂ ತಾಳೆಯಾಗದೆ ಆರ್‌ಸಿಬಿಓ ಹಾಕಿದ ತಕ್ಷಣ ಬೀಳುತ್ತದೆ. ‘ಆರ್‌ಸಿಬಿಓ ಕೆಟ್ಟಿದೆ’ ಅಂತ ಬಿಚ್ಚಿ ಎಸೆದ ಎಷ್ಟೋ ಕಡೆ ನಿಜವಾದ ಕಾರಣ ಇದೇ.

3. ವೋಲ್ಟೇಜ್ ಕಟ್‌ಆಫ್ ಅನ್ನು 180 ಮತ್ತು 265ಕ್ಕೆ, ಮತ್ತೆ ಕರೆಂಟ್ ಬಿಡುವ ತಡವನ್ನು 3 ನಿಮಿಷಕ್ಕೆ ಇಡಿಸಿ. ಮೂರು ಫೇಸಿನ ಮನೆಗಳಿಗೆ ಇದು ಬಹಳ ಮುಖ್ಯ. ನ್ಯೂಟ್ರಲ್ ಲೂಸಾದರೆ ಕಡಿಮೆ ಲೋಡಿರುವ ಫೇಸಿನಲ್ಲಿ 300 ವೋಲ್ಟ್ ದಾಟುತ್ತದೆ, ಮೊದಲು ಸುಡುವುದು ವ್ಯಾನಿನ ಚಾರ್ಜರ್. ಕರೆಂಟ್ ಹೋಗಿ ಬರುವಾಗಿನ ಏರುಪೇರಿನಿಂದ ಎಸಿಯ ಕಂಪ್ರೆಸರನ್ನು ಕಾಯುವುದೂ ಆ ಮೂರು ನಿಮಿಷವೇ.

4. ಹೊರಗಿನ ಪೆಟ್ಟಿಗೆ ನೆಲದಿಂದ ಒಂದು ಮೀಟರಿಗಿಂತ ಮೇಲಿರಲಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆಯ ಬೇಸ್‌ಮೆಂಟುಗಳಿಗೆ ನೀರು ನುಗ್ಗಿದ್ದನ್ನು ನೆನಪಿಟ್ಟುಕೊಂಡರೆ ತಗ್ಗಿನ ಬಡಾವಣೆಯವರು ಇನ್ನೂ ಮೇಲಿಡಿಸುತ್ತಾರೆ. ಪೈಪು ಪೆಟ್ಟಿಗೆಯ ಕೆಳಗಿನಿಂದ ಗ್ಲ್ಯಾಂಡ್ ಮೂಲಕ ಒಳಗೆ ಬರಲಿ. ಬಳಸದ ತೂತುಗಳನ್ನೆಲ್ಲ ಮುಚ್ಚಿಸಿ. ಇರುವೆ, ಹಲ್ಲಿ ಹೊಕ್ಕರೆ ಸೋರಿಕೆ ಶುರು.

5. ಕೇಬಲ್ಲಿನ ಎರಡು ತುದಿ ತಪ್ಪಬಾರದು. ಮನೆ ಕಡೆಗೆ ಪಿನ್ನಿರುವ ಪ್ಲಗ್, ವ್ಯಾನ್ ಕಡೆಗೆ ತೂತಿರುವ ಕನೆಕ್ಟರ್. ವ್ಯಾನಿನ ಇನ್ಲೆಟ್ಟಿನಲ್ಲಿ, ಅಂದರೆ ಕೇಬಲ್ ಬಂದು ಕೂರುವ ಜಾಗದಲ್ಲಿ, ಪಿನ್ನು ಇರುತ್ತದೆ. ಎರಡೂ ಕಡೆ ಪಿನ್ನಿರುವ ಕೇಬಲ್ ಮಾಡಿಸಿದರೆ, ಒಂದು ತುದಿ ಕಳಚಿದಾಗ ಕೈಯಲ್ಲಿರುವುದು ಬರಿ ಫೇಸ್.

ಪ್ಲಗ್ ಕಟ್ಟುವ ಕೆಲಸ ಹತ್ತಿರದಿಂದ ನೋಡಬೇಕಾದದ್ದು. ಹೊರ ಹೊದಿಕೆಯನ್ನು ನಾಲ್ಕು ಸೆಂಟಿಮೀಟರಷ್ಟೇ ಸುಲಿಯಿರಿ. ಕಂದು ಮತ್ತು ನೀಲಿ ತಂತಿಯನ್ನು ಟರ್ಮಿನಲ್ಲಿಗೆ ತಕ್ಕಷ್ಟು ಕತ್ತರಿಸಿ, ಹಸಿರು-ಹಳದಿಯನ್ನು ಅವಕ್ಕಿಂತ ಒಂದೂವರೆ ಸೆಂಟಿಮೀಟರ್ ಉದ್ದ ಬಿಡಿ. ಪ್ಲಗ್ಗಿನೊಳಗೆ ಅದು ಸ್ವಲ್ಪ ಬಳುಕಿಕೊಂಡು ಕೂರಲಿ. ಯಾರೋ ಎಡವಿ ಕೇಬಲ್ ಜಗ್ಗಿದಾಗ ಮೊದಲು ಕಿತ್ತುಬರುವುದು ಬಿಗಿಯಾಗಿರುವ ತಂತಿ. ಅದು ಫೇಸ್ ಆಗಲಿ, ಅರ್ಥ್ ಕೊನೆಗೆ ಉಳಿಯಲಿ. ಎಳೆಗಳಿಗೆ ಫೆರೂಲ್ ಹಾಕಿ ಒತ್ತಿ. ಬೆಸುಗೆ ಹಾಕಿ ಗಟ್ಟಿ ಮಾಡಬೇಡಿ, ಸ್ಕ್ರೂ ಅಡಿಯಲ್ಲಿ ಸೀಸ ನಿಧಾನಕ್ಕೆ ಹಿಂಡಿಹೋಗಿ ಹಿಡಿತ ಸಡಿಲುತ್ತದೆ. ಹಿಂದಿನ ಕ್ಲ್ಯಾಂಪ್ ಹೊರ ಹೊದಿಕೆಯನ್ನು ಹಿಡಿಯಬೇಕು, ಒಳತಂತಿಗಳನ್ನಲ್ಲ.

ಬಣ್ಣಗಳಲ್ಲಿ ಒಂದು ಬಲೆ ಇದೆ. ಫ್ಲೆಕ್ಸಿಬಲ್ ಕೇಬಲ್ಲಿನಲ್ಲಿ ನೀಲಿ ಅಂದರೆ ನ್ಯೂಟ್ರಲ್. ನಮ್ಮ ಮನೆಗಳ ಗೋಡೆಯೊಳಗೆ ನ್ಯೂಟ್ರಲ್ ಕಪ್ಪು, ನೀಲಿ ಮೂರನೇ ಫೇಸ್ ಆಗಿರಬಹುದು. ಅಮೆರಿಕದಿಂದ ಬಂದ ಗಾಡಿಯಾದರೆ ಇನ್ನೂ ಉಲ್ಟಾ: ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್, ಅದೂ 120 ವೋಲ್ಟ್. ಅದಕ್ಕೆ ನೇರ ಕರೆಂಟ್ ಕೊಡುವಂತೆಯೇ ಇಲ್ಲ, ಟ್ರಾನ್ಸ್‌ಫಾರ್ಮರ್ ಬೇಕು.

ವ್ಯಾನ್ ಜೋಡಿಸುವ ಮುಂಚಿನ ಪರೀಕ್ಷೆ

ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಹೊರಗಿನ ಸಾಕೆಟ್ಟಿನಲ್ಲಿ ಅಳೆಯಿರಿ. ಫೇಸ್–ನ್ಯೂಟ್ರಲ್ 215ರಿಂದ 245ರ ನಡುವೆ ಇರಲಿ. ಫೇಸ್–ಅರ್ಥ್ ಹೆಚ್ಚುಕಡಿಮೆ ಅಷ್ಟೇ ಇರಬೇಕು. ನ್ಯೂಟ್ರಲ್–ಅರ್ಥ್ ಅರ್ಧದಿಂದ ಮೂರು ವೋಲ್ಟ್ ಇದ್ದರೆ ಸಹಜ. ಮನೆಯಲ್ಲಿ ಗೀಸರ್ ಓಡುತ್ತಿರುವಾಗಲೂ ಅದು ಕದಲದೆ ಸೊನ್ನೆಯಲ್ಲೇ ನಿಂತಿದ್ದರೆ, ಮೇಲೆ ಹೇಳಿದ ತುಂಡು ವೈರ್ ಎಲ್ಲೋ ಇದೆಯೇನೋ ಅಂತ ಹುಡುಕಿಸಿ. ಹತ್ತಾರು ವೋಲ್ಟ್ ತೋರಿಸಿದರೆ ಅರ್ಥ್ ಬಿಟ್ಟುಹೋಗಿದೆ. ನಿಯಾನ್ ಟೆಸ್ಟರ್ ಫೇಸ್ ಎಲ್ಲಿದೆ ಅಂತ ಹೇಳುತ್ತದೆ, ಅರ್ಥ್ ಇದೆಯೋ ಇಲ್ಲವೋ ಅಂತ ಹೇಳದು.

ಮುಂದಿನದು ಬಲ್ಬ್ ಪರೀಕ್ಷೆ. ಎಲೆಕ್ಟ್ರಿಷಿಯನ್ ಇರುವಾಗ, ವ್ಯಾನ್ ಜೋಡಿಸದೆ, ಮನೆಯಲ್ಲಿ ಯಾರೂ ನಲ್ಲಿ, ಗೀಸರ್ ಮುಟ್ಟದ ಹೊತ್ತಿಗೆ ಮಾಡಿಸಿ. 60 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬನ್ನು ಫೇಸ್ ಮತ್ತು ಅರ್ಥ್ ನಡುವೆ ಹಿಡಿದ ಕೂಡಲೇ ಆರ್‌ಸಿಬಿಓ ಬೀಳಬೇಕು. ಬಲ್ಬ್ ಉರಿಯದೆ, ಆರ್‌ಸಿಬಿಓ ಬೀಳದೆ ಇದ್ದರೆ ಅರ್ಥ್ ತಂತಿ ಕಡಿದಿದೆ. ಬಲ್ಬ್ ಜೋರಾಗಿ ಉರಿಯುತ್ತಲೇ ಇದ್ದರೆ ಆರ್‌ಸಿಬಿಓ ಕೆಟ್ಟಿದೆ, ಇಲ್ಲವೇ ನ್ಯೂಟ್ರಲ್–ಅರ್ಥ್ ಕೂಡಿಸಿದ್ದಾರೆ. ಕೂಡಲೇ ಬಿದ್ದರೂ ಅರ್ಥಿನ ಗುಣಮಟ್ಟ ಗೊತ್ತಾಗಲಿಲ್ಲ ಅನ್ನುವುದು ನೆನಪಿರಲಿ. 500 ಓಮಿನ ಕೆಟ್ಟ ಅರ್ಥಿಗೂ ಅದು ಬೀಳುತ್ತದೆ. ಅದಕ್ಕೇ ಅರ್ಥ್ ಟೆಸ್ಟರ್ ಬೇಕೆಂದದ್ದು.

ಇನ್ನು ವ್ಯಾನಿನ ಕಡೆ. ಕೇಬಲ್ಲನ್ನು ವ್ಯಾನಿಗೆ ಮಾತ್ರ ಜೋಡಿಸಿ, ಮನೆ ಕಡೆಯ ಪ್ಲಗ್ ಕೈಯಲ್ಲಿರಲಿ. ಅದರ ಅರ್ಥ್ ಪಿನ್ನಿನಿಂದ ಬಾಗಿಲ ಕೀಲು, ಚಾಸಿಯ ಬೋಲ್ಟು, ಒಳಗಿನ ಸಿಂಕು, ಎಸಿಯ ತಗಡು ಒಂದೊಂದಕ್ಕೂ ಓಮ್ ಅಳೆಯಿರಿ. ಮೀಟರಿನ ವೈರುಗಳ ಓಮ್ ಕಳೆದರೆ 0.5ರೊಳಗೆ ಬರಬೇಕು. ಬರದಿದ್ದರೆ ಹೆಚ್ಚಾಗಿ ಕಾರಣ ಬಣ್ಣ. ಚಾಸಿಗೆ ಅರ್ಥ್ ಬೋಲ್ಟ್ ಕೂರಿಸಿದಾಗ ಪೇಂಟ್ ಕೆರೆಯದೆ ಹಾಗೇ ಬಿಗಿಸಿರುತ್ತಾರೆ. ಬೋಲ್ಟ್ ಬಿಚ್ಚಿ, ತಗಡು ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ, 4 ಸ್ಕ್ವೇರ್ ಎಂಎಂ ಹಸಿರು ವೈರಿನ ಲಗ್ ಬಿಗಿಸಿ, ಮೇಲೆ ಗ್ರೀಸ್ ಹಚ್ಚಿ.

ಬಾಗಿಲ ಹಿಡಿ ಮುಟ್ಟಿದಾಗ ಸಣ್ಣಗೆ ಜುಂ ಅನ್ನುತ್ತದೆ, ಶಾಕ್ ಏನಲ್ಲ ಅಂತ ಹೇಳುವವರಿದ್ದಾರೆ. ಚಾರ್ಜರಿನೊಳಗೆ ಫೇಸಿನಿಂದ ಬಾಡಿಗೂ ನ್ಯೂಟ್ರಲ್ಲಿನಿಂದ ಬಾಡಿಗೂ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅರ್ಥ್ ಕಡಿದಾಗ ಅವುಗಳ ದೆಸೆಯಿಂದ ಬಾಡಿ ಅರ್ಧ ವೋಲ್ಟೇಜಿನಲ್ಲಿ, ಸುಮಾರು 115ರಲ್ಲಿ ತೇಲುತ್ತದೆ. ಕರೆಂಟ್ ಕಡಿಮೆ, ಆದ್ದರಿಂದ ಬರಿ ಜುಂ. ಆದರೆ ಅದರ ಅರ್ಥ ಹಸಿರು ತಂತಿ ಇಲ್ಲ ಅಂತಲೇ. ಅದೇ ಗಳಿಗೆ ಎಂಸಿಬಿ ಆಫ್ ಮಾಡಿ, ತಂತಿ ಎಲ್ಲಿ ಬಿಟ್ಟಿದೆ ಅಂತ ಕಂಡುಹಿಡಿದ ಮೇಲಷ್ಟೇ ಮತ್ತೆ ಹಾಕಿ.

ದಿನದ ಬಳಕೆ

ಜೋಡಿಸುವ ಕ್ರಮ: ಗೋಡೆಯ ಎಂಸಿಬಿ ಆಫ್, ಕೇಬಲ್ ಪೂರ್ತಿ ಬಿಚ್ಚಿ ಹಾಸಿ, ಮೊದಲು ವ್ಯಾನಿಗೆ, ಆಮೇಲೆ ಗೋಡೆಗೆ, ಕೊನೆಗೆ ಎಂಸಿಬಿ ಆನ್. ತೆಗೆಯುವಾಗ ವ್ಯಾನಿನ ಲೋಡುಗಳನ್ನೆಲ್ಲ ಆರಿಸಿ, ಎಂಸಿಬಿ ಆಫ್ ಮಾಡಿ, ಮೊದಲು ಗೋಡೆಯದು, ಆಮೇಲೆ ವ್ಯಾನಿನದು. ಇನ್ಲೆಟ್ಟಿನ ಹತ್ತಿರ ಕೇಬಲ್ ಸ್ವಲ್ಪ ಜೋತುಬಿದ್ದು ಮೇಲೇರಲಿ, ಮಳೆನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಫುಟ್‌ಪಾತ್ ದಾಟಿಸಿ ರಸ್ತೆಯಲ್ಲಿ ನಿಂತ ವ್ಯಾನಿಗೆ ಕೇಬಲ್ ಎಳೆಯಬೇಡಿ, ಒಂದು ರಾತ್ರಿಯ ಮಟ್ಟಿಗೂ.

ಮೊದಲ ಸಲ ದೊಡ್ಡ ಲೋಡ್ ಹಾಕಿದಾಗ ಅರ್ಧ ಗಂಟೆ ಬಿಟ್ಟು ಎರಡೂ ತುದಿಯ ಪ್ಲಗ್ಗನ್ನು ಹೊರಗಿನಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಟ್ಟುಕೊಳ್ಳಲಾಗದಷ್ಟು ಬಿಸಿಯಿದ್ದರೆ ಒಳಗೆ ಸ್ಕ್ರೂ ಲೂಸಿದೆ. ಮನೆಯ ಮಾಮೂಲಿ 16 ಆಂಪ್ ಮೂರು ಪಿನ್ನಿನ ಸಾಕೆಟ್ಟನ್ನೇ ಬಳಸುವುದಾದರೆ ಗಂಟೆಗಟ್ಟಲೆ ಓಡುವ ಲೋಡನ್ನು 10 ಆಂಪಿಗೆ ನಿಲ್ಲಿಸಿ. ಮಲ್ಟಿಪ್ಲಗ್ ಬೇಡವೇ ಬೇಡ. ಬೇಸಿಗೆ ರಾತ್ರಿ ವೋಲ್ಟೇಜ್ 200ಕ್ಕೆ ಇಳಿದಿದ್ದರೆ ಎಸಿ ಆರಿಸಿ.

ಆರ್‌ಸಿಬಿಓ ಆಗಾಗ ಬೀಳುತ್ತಿದ್ದರೆ ಹುಡುಕುವ ದಾರಿ ಹೀಗೆ. ವ್ಯಾನಿನ ಎಂಸಿಬಿಗಳನ್ನೆಲ್ಲ ಆಫ್ ಮಾಡಿ ಕರೆಂಟ್ ಕೊಡಿ. ಆಗಲೂ ಬಿದ್ದರೆ ಕೇಬಲ್ ಅಥವಾ ಇನ್ಲೆಟ್ಟಿನಲ್ಲಿ ನೀರು ಹೊಕ್ಕಿದೆ. ನಿಂತರೆ ಒಂದೊಂದೇ ಆನ್ ಮಾಡುತ್ತ ಹೋಗಿ. ಯಾವುದೋ ಒಂದಕ್ಕೆ ಕೂಡಲೇ ಬಿದ್ದರೆ ಕಳ್ಳ ಸಿಕ್ಕ. ಗೀಸರಿನ ಕಾಯಿಲ್ ಸಾಮಾನ್ಯವಾಗಿ ಮೊದಲ ಸಂಶಯಿತ. ಎಲ್ಲ ಸೇರಿದಾಗ ಮಾತ್ರ ಬಿದ್ದರೆ ಸಣ್ಣ ಸಣ್ಣ ಸೋರಿಕೆಗಳು ಕೂಡಿ ಮಿತಿಗೆ ಬಂದಿವೆ. 30 ಮಿಲಿಆಂಪಿನದು 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ವ್ಯಾನಿನ ಇನ್ವರ್ಟರ್ ಆನ್ ಇರುವಾಗ ಮಾತ್ರ ಬೀಳುತ್ತಿದ್ದರೆ ಇನ್ವರ್ಟರಿನೊಳಗಿನ ನ್ಯೂಟ್ರಲ್–ಅರ್ಥ್ ಜೋಡಣೆ ಮನೆಯ ಕರೆಂಟ್ ಬಂದಾಗಲೂ ಬಿಡುತ್ತಿಲ್ಲ, ಎರಡರ ನಡುವೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಸರಿಪಡಿಸಬೇಕು. ಇನ್ವರ್ಟರಿನ ಔಟ್‌ಪುಟ್ಟೂ ಮನೆಯ ಕರೆಂಟೂ ಒಂದೇ ಲೈನಿಗೆ ಒಟ್ಟಿಗೆ ತಾಗುವ ವೈರಿಂಗ್ ಇದ್ದರಂತೂ ಇನ್ವರ್ಟರ್ ಸುಡುತ್ತದೆ.

ಬ್ಯಾಟರಿ ವಿಷಯ ಚುಟುಕಾಗಿ. ಲೆಡ್ ಆಸಿಡ್ ಆದರೆ ಚಾರ್ಜರ್ ತುಂಬಿದ ಮೇಲೆ 13.5–13.8 ವೋಲ್ಟಿಗೆ ಇಳಿಯುವಂಥದ್ದಾಗಿರಲಿ, ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ನೋಡಿ, ಬ್ಯಾಟರಿ ಗೂಡಿನ ಗಾಳಿಕಿಂಡಿ ಮುಚ್ಚಬೇಡಿ. ಲಿಥಿಯಂ ಆದರೆ ಸದಾ ಚುಚ್ಚಿಡುವುದೇ ಬೇಡ. 50–60 ಶೇಕಡಾ ಚಾರ್ಜಿನಲ್ಲಿ ಮೇನ್ ಸ್ವಿಚ್ ಆಫ್ ಮಾಡಿ, ತಿಂಗಳಿಗೊಮ್ಮೆ ನೋಡಿದರೆ ಸಾಕು.

ಅಪಾರ್ಟ್‌ಮೆಂಟಿನಲ್ಲಿದ್ದರೆ

ಪಾರ್ಕಿಂಗಿನ ಲೈಟಿನ ಲೈನಿಂದ ಕರೆಂಟ್ ತೆಗೆಯುವ ಮಾತೇ ಬೇಡ. ಅದು ಎಲ್ಲರ ಬಿಲ್ಲು. ಅಸೋಸಿಯೇಷನ್ನಿನ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಮೀಟರ್ ಕೋಣೆಯ ನಿಮ್ಮ ಮೀಟರಿನಿಂದಲೇ ಲೈನ್ ಎಳೆಸಿ. ದೂರ 60 ಮೀಟರಿದ್ದರೆ 4 ಸ್ಕ್ವೇರ್ ಎಂಎಂ ವೈರಿನಲ್ಲಿ 16 ಆಂಪಿಗೆ 9 ವೋಲ್ಟ್ ಇಳಿಯುತ್ತದೆ, 6 ಸ್ಕ್ವೇರ್ ಎಂಎಂ ಹಾಕಿದರೆ 6 ವೋಲ್ಟಿನಲ್ಲಿ ಮುಗಿಯುತ್ತದೆ. ಎಲೆಕ್ಟ್ರಿಕ್ ಗಾಡಿಗಾಗಿ ನಿಮ್ಮ ಮೀಟರಿನಿಂದ ಈಗಾಗಲೇ 3.3 ಕಿಲೋವ್ಯಾಟಿನ ಪಾಯಿಂಟ್ ಹಾಕಿಸಿದ್ದರೆ ಹೊಸ ಲೈನೇ ಬೇಡ, ಪರೀಕ್ಷೆಗಳನ್ನು ಮಾಡಿ ಅದನ್ನೇ ಬಳಸಿ. ಕರೆಂಟ್ ಹೋಗಿ ಜನರೇಟರ್ ಬಂದಾಗ ಫ್ಲ್ಯಾಟಿಗೆ ಸಿಗುವ ಲೋಡಿಗೆ ಮಿತಿ ಇರುತ್ತದೆ. ವ್ಯಾನಿನ ಲೈನ್ ಜನರೇಟರಿಗೆ ಸೇರದಂತೆ ಹೇಳಿ ಬಿಡಿಸಿ. ಬೇಸ್‌ಮೆಂಟಿನ ದೊಡ್ಡ ಶತ್ರು ಹೆಗ್ಗಣ. ಕೇಬಲ್ ಅನ್ನು ರಾತ್ರಿಯಿಡೀ ನೆಲದಲ್ಲಿ ಬಿಡದೆ ಗೋಡೆಯ ಕೊಕ್ಕೆಗಳ ಮೇಲೆ ಸಾಗಿಸಿ, ವಾರಕ್ಕೊಮ್ಮೆ ಬೆರಳಲ್ಲಿ ಸವರುತ್ತ ಹಲ್ಲಿನ ಗುರುತು ನೋಡಿ. ಒಳತಂತಿ ಕಂಡರೆ ಟೇಪ್ ಸುತ್ತಬೇಡಿ, ಆ ಭಾಗ ಕತ್ತರಿಸಿ ಕೇಬಲ್ ಗಿಡ್ಡ ಮಾಡಿಕೊಳ್ಳಿ.

ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಕೇಳಿಸಿದರೆ ವ್ಯಾನಿನ ಪ್ಲಗ್ ಕಿತ್ತಿಡಿ. ಹತ್ತಿರದಲ್ಲೇ ಬಿದ್ದ ಸಿಡಿಲಿಗೆ ಎಸ್‌ಪಿಡಿ ಒಂದೇ ಸಾಲದು. ತಿಂಗಳ ಮೊದಲ ದಿನ ಆರ್‌ಸಿಬಿಓದ ಟೆಸ್ಟ್ ಗುಂಡಿ ಒತ್ತಿ. ಬೀಳದಿದ್ದರೆ ಅವತ್ತೇ ಬದಲಿಸಿ, ಅಲ್ಲಿಯವರೆಗೆ ವ್ಯಾನಿಗೆ ಕರೆಂಟ್ ಬೇಡ. ಜೂನ್ ಮಳೆಗೆ ಮುಂಚೆ ಒಮ್ಮೆ, ದಸರಾ ಆಯುಧಪೂಜೆಗೆ ಗಾಡಿ ತೊಳೆಯುವ ಮುಂಚೆ ಇನ್ನೊಮ್ಮೆ ಪ್ಲಗ್ಗುಗಳನ್ನು ಬಿಚ್ಚಿ ಸ್ಕ್ರೂ ಬಿಗಿಸಿ, ಅರ್ಥ್ ಪಿನ್ನಿನಿಂದ ಬಾಗಿಲ ಕೀಲಿಗೆ ಓಮ್ ಅಳೆದು, ಬಂದ ಸಂಖ್ಯೆಯನ್ನು ತಾರೀಖಿನ ಜೊತೆ ಪೆಟ್ಟಿಗೆಯ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬರೆದಿಡಿ. 0.2 ಇದ್ದದ್ದು ಮುಂದಿನ ಸಲ 0.8 ಆಗಿದ್ದರೆ ಎಲ್ಲೋ ತುಕ್ಕು ಶುರುವಾಗಿದೆ.